ಬಿಸಿಲು ಕಾಣದ ಬಟ್ಟೆಗಳು

ನಮ್ಮ ಮನೆಯಲ್ಲಿ ಹೆಂಗಸರ ಬಟ್ಟೆಗೆ ಬಿಸಿಲು ತೋರಿಸುವ ಹಾಗಿರಲಿಲ್ಲ. ಹೊರಗೆ ಹಾಕಿದ ಬನಿಯನ್ ಅರ್ಧ ಗಂಟೆಯಲ್ಲಿ ಹಪ್ಪಳವಾಗುವ ದೋಹಾದಲ್ಲಿ ನನ್ನ ಉಮ್ಮನ ಬಟ್ಟೆಗಳು ಕೋಣೆಯೊಳಗೆ, ಎ.ಸಿ.ಯ ಎದುರು ಕಟ್ಟಿದ ದಾರದ ಮೇಲೆ ಎರಡು ದಿನ ನೇತಾಡಿ, ಮುಗ್ಗಲು ವಾಸನೆ ಹಿಡಿದು ಒಣಗುತ್ತಿದ್ದವು. ಅಂಗಳದಲ್ಲಿ ಹಗ್ಗ ಇರಲಿಲ್ಲ ಅಂತಲ್ಲ. ಈ ಗೋಡೆಯಿಂದ ಆ ಗೋಡೆಗೆ ಮೂರು ಸಾಲು ಹಗ್ಗ ಇತ್ತು, ಅದರ ತುಂಬ ಗಂಡಸರ ಲುಂಗಿ, ಪ್ಯಾಂಟು, ಬನಿಯನ್ನು. ಆ ಸಾಲಿನಲ್ಲಿ ಒಂದೇ ಒಂದು ಲಂಗ ಕಂಡರೂ ಸಾಕು, ಇದು ಬರೀ ಗಂಡಸರ ಬಿಡಾರವಲ್ಲ, ಒಳಗೊಬ್ಬಳು ಹೆಂಗಸಿದ್ದಾಳೆ ಎಂದು ಬೀದಿಗೆ ಗೊತ್ತಾಗಿಬಿಡುತ್ತಿತ್ತು. ಬೀದಿಗೆ ಗೊತ್ತಾದದ್ದು ವೀಸಾ ಕಾಗದ ತಪಾಸಣೆಗೆ ಬರುವ ಚೆಕ್ಕಿಂಗ್‌ ಪೊಲೀಸರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ನನ್ನ ಮಗಳು ಈಗ ನನ್ನನ್ನು ಗೇಲಿ ಮಾಡುತ್ತಾಳೆ. ಟೆರೇಸಿನಲ್ಲಿ ಅಷ್ಟು ಜಾಗ ಇರುವಾಗ ಫ್ಯಾನಿನ ಕೆಳಗೆ ಯಾಕುಮ್ಮ ಒಣಗಿಸುತ್ತೀ ಎನ್ನುತ್ತಾಳೆ. ಹೆದರಿಕೆ ಎಂದರೆ ಯಾರ ಹೆದರಿಕೆ ಎಂದು ಕೇಳುತ್ತಾಳೆ. ಅವಳನ್ನು ಕೂರಿಸಿ ಹೇಳುವಷ್ಟು ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಎಂದೆ. ಅದು ಮನೆಯಲ್ಲ, ಒಂದು ಕೋಣೆ. ನಜ್ಮಾ ಎಂಬ ಬಡಾವಣೆಯ ಗಲ್ಲಿಯೊಂದರಲ್ಲಿ ಯಾವುದೋ ಅರಬಿ ಕುಟುಂಬ ಬಿಟ್ಟು ಹೋದ ಹಳೇ ಮನೆಯದು. ನಡುವೆ ಸಿಮೆಂಟಿನ ಅಂಗಳ, ಸುತ್ತ ಐದು ಕೋಣೆ. ಒಂದೊಂದು ಕೋಣೆಯನ್ನೂ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಆಚೆಯವರು ಕೆಮ್ಮಿದರೆ ಈಚೆ ನಮ್ಮ ಚಾ ಗ್ಲಾಸು ಅದುರುತ್ತಿತ್ತು, ಸುಳ್ಳಲ್ಲ. ಮೂಲೆಯಲ್ಲಿ ತಗಡಿನ ಅಡುಗೆಮನೆ, ಅದರ ಪಕ್ಕ ಎಲ್ಲರಿಗೂ ಒಂದೇ ಬಚ್ಚಲು. ಗಂಡಸರೆಲ್ಲ ಕೆಲಸಕ್ಕೆ ಹೋಗುವವರೆಗೆ ಉಮ್ಮ ಬಚ್ಚಲ ಕಡೆ ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿರುವುದೇ. ಅಲ್ಲಿದ್ದವರೆಲ್ಲ ನಮ್ಮ ಕಡೆಯವರು, ಉಳ್ಳಾಲ, ಬಂಟ್ವಾಳ, ಪುತ್ತೂರಿನ ಬ್ಯಾರಿಗಳು. ಅವರಲ್ಲಿ ಒಬ್ಬರೂ ಉಮ್ಮನ ಮುಖ ಸರಿಯಾಗಿ ನೋಡಿದವರಲ್ಲ, ಆದರೆ ಅವಳ ಮೀನು ಸಾರಿನ ರುಚಿ ಎಲ್ಲರಿಗೂ ಗೊತ್ತಿತ್ತು. ಅವಳು ಅಕ್ಕಿರೊಟ್ಟಿ ತಟ್ಟಿದ ದಿನ ಬಾಪ್ಪ, ಅಂದರೆ ನನ್ನ ಅಪ್ಪ, ಒಂದೊಂದು ಬಾಗಿಲ ಹೊರಗೂ ಒಂದೊಂದು ತಟ್ಟೆ ಇಟ್ಟು ಬರುತ್ತಿದ್ದರು. ಖಾಲಿ ತಟ್ಟೆಗಳು ತೊಳೆಸಿಕೊಂಡು ನಮ್ಮ ಬಾಗಿಲ ಹೊರಗೆ ಬಂದು ಕೂರುತ್ತಿದ್ದವು.

ಬಾಪ್ಪ ಟೈಲರು. ಅರಬಿಗಳು ಹಾಕುವ ಉದ್ದನೆಯ ಬಿಳಿ ತೋಬು ಹೊಲಿಯುವ ಅಂಗಡಿಯಲ್ಲಿ ಕೆಲಸ. ಅದೇ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರು ಹಮ್ಜಾಕ, ನಮ್ಮ ಪ್ಲೈವುಡ್ಡಿನ ಆಚೆಯವರು. ತೆಳ್ಳಗೆ, ಕಪ್ಪಗೆ, ಹಲ್ಲು ಮುಂದೆ. ಕಾಲರಿಗೆ ಹಾಕುವ ಕ್ಯಾನ್ವಾಸಿನ ಚೂರುಗಳನ್ನು ಜೇಬಲ್ಲಿ ತುಂಬಿ ತಂದು ನನಗೆ ಕೊಡುತ್ತಿದ್ದರು. ಅದರ ಮೇಲೆ ಉಮ್ಮ ನನಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಳು. ಮನೆಮಾತು ಬ್ಯಾರಿಯಾದರೂ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡದ ಮೇಲೆ ಅವಳಿಗೆ ಬಹಳ ಜಂಬ. ನಾನು ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಹಮ್ಜಾಕನ ಕ್ಯಾನ್ವಾಸಿನ ಪುಣ್ಯ.

ಇನ್ನು ಕಾಗದದ ಸಂಗತಿ. ಟೈಲರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಸಿಗುತ್ತಿರಲಿಲ್ಲ. ಅದೇನಿದ್ದರೂ ಆಫೀಸಿನಲ್ಲಿ ಕುರ್ಚಿ ಇದ್ದವರಿಗೆ. ಬಾಪ್ಪನಿಗೆ ನಮ್ಮನ್ನು ಬಿಟ್ಟಿರಲು ಆಗಲಿಲ್ಲ. ಆಗ ದಾರಿ ತೋರಿಸಿದವರು ಅದ್ರಾಮಾಕ. ಅವರು ಬಾಪ್ಪನ ಅಂಗಡಿಯೂ ಸೇರಿ ಹಲವು ಅಂಗಡಿಗಳ ಒಡೆಯನಾದ ಒಬ್ಬ ದೊಡ್ಡ ಅರಬಿಯ ಮಂದೂಬ್, ಅಂದರೆ ಅವನ ಪರವಾಗಿ ಕಚೇರಿಗಳಿಗೆ ಓಡಾಡಿ ವೀಸಾ ಮಾಡಿಸುವವರು. ಅರಬಿ ಓದದೆ ಸಹಿ ಹಾಕುತ್ತಿದ್ದ, ಅದ್ರಾಮಾಕ ಓದಿ ಹಾಕಿಸುತ್ತಿದ್ದರು. ಅವರ ಏರ್ಪಾಡಿನಲ್ಲಿ ಉಮ್ಮ ಆ ಅರಬಿಯ ಮನೆಗೆಲಸದವಳ ವೀಸಾದಲ್ಲಿ ಬಂದಳು. ಅವನ ಮನೆಯ ಗೇಟನ್ನೂ ಅವಳು ನೋಡಿದವಳಲ್ಲ. ನಾನು ಬಂದದ್ದು ಬಾಪ್ಪನ ಅಣ್ಣ ಹಮೀದ್ ದೊಡ್ಡಪ್ಪನ ಮಗಳಾಗಿ. ದೊಡ್ಡಪ್ಪನಿಗೆ ಕ್ಲಾರ್ಕ್ ಕೆಲಸ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಫ್ಲಾಟು. ಊರಲ್ಲಿ ಯಾವುದೋ ಏಜೆಂಟ್ ಯಾವುದೋ ಮೇಜಿನ ಕೆಳಗೆ ಕೈ ಚಾಚಿ ನನ್ನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರನ್ನೂ ತಾಯಿಯ ಹೆಸರನ್ನೂ ಬದಲಾಯಿಸಿದ. ಹೀಗೆ ನಾನು ವಿಮಾನ ಇಳಿಯುವಾಗ ಜೊಹರಾ ದೊಡ್ಡಮ್ಮನ ಕೈ ಹಿಡಿದಿದ್ದೆ, ನನ್ನ ಉಮ್ಮ ನಾಲ್ಕು ಜನರ ಹಿಂದೆ ಬೇರೆ ಸಾಲಿನಲ್ಲಿ ನಿಂತಿದ್ದಳು.

ಅದ್ರಾಮಾಕನನ್ನು ಕೆಟ್ಟವರು ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸಿದರೆ ನನ್ನ ನಾಲಗೆಗೆ ಒಳ್ಳೆಯದಾಗದು. ಯಾರಿಗಾದರೂ ಜ್ವರ ಬಂದರೆ ಮೊದಲು ಬರುತ್ತಿದ್ದ ಕಾರು ಅವರದೇ. ಕೆಲಸ ಹೋದವನಿಗೆ ಕೆಲಸ, ಇರಲು ಜಾಗ ಇಲ್ಲದವನಿಗೆ ಮಂಚ, ಮಗಳ ಮದುವೆ ಎಂದವನಿಗೆ ರಜೆ, ಎಲ್ಲ ಅವರ ಒಂದು ಫೋನಿನಲ್ಲಿ ಆಗುತ್ತಿತ್ತು. ಅವರಿಲ್ಲದಿದ್ದರೆ ನಾವು ಒಟ್ಟಿಗಿದ್ದ ಆ ಮೂರು ವರ್ಷ ನಾನು ಬಾಪ್ಪನ ಮುಖವನ್ನೇ ನೋಡುತ್ತಿರಲಿಲ್ಲ. ಆದರೆ ಎಲ್ಲರ ಪಾಸ್‌ಪೋರ್ಟೂ ಅವರ ಮನೆಯ ಹಾಲಿನಲ್ಲಿದ್ದ ಬೂದು ಬಣ್ಣದ ಕಬ್ಬಿಣದ ಅಲ್ಮೇರಾದೊಳಗೆ, ಬಿಸ್ಕತ್ತಿನ ಡಬ್ಬಗಳಲ್ಲಿ ಇತ್ತು. ಬೀಗದ ಕೈ ಅವರ ಬನಿಯನ್ನಿನ ಒಳಗೆ.

ಬೆಳಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವಾಗ ಉಮ್ಮ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಬೇರೆ ಮಕ್ಕಳು ಮಗ್ಗಿ ಹೇಳುವ ಹೊತ್ತಿನಲ್ಲಿ ನಾನು ಇದನ್ನು ಹೇಳುತ್ತಿದ್ದೆ.

“ನಿನ್ನ ಬಾಪ್ಪನ ಹೆಸರೆಂತ?”

“ಅಬ್ದುಲ್ ಹಮೀದ್.”

“ಉಮ್ಮನದ್ದು?”

“ಜೊಹರಾ.”

“ಮನೆ ಎಲ್ಲಿ?”

“ಓಲ್ಡ್ ಏರ್‌ಪೋರ್ಟ್. ಎರಡನೇ ಮಾಳಿಗೆ.”

“ಹಾಗಾದರೆ ನಾನು ಯಾರು?”

“ಆಂಟಿ. ಮನೆಗೆಲಸದ ಆಂಟಿ.”

“ಮೆಲ್ಲ ಹೇಳಬೇಡ ಮಾರಾಯ್ತಿ! ಮೆಲ್ಲ ಹೇಳಿದರೆ ಸುಳ್ಳು ಅಂತ ಗೊತ್ತಾಗ್ತದೆ. ಜೋರಾಗಿ ಹೇಳು.”

ಜೋರಾಗಿ ಹೇಳಿದರೆ ಬಾಯಿಗೊಂದು ಖರ್ಜೂರ. ತಡವರಿಸಿದರೆ ಜಡೆ ಬಿಗಿಯಾಗುತ್ತಿತ್ತು. ಹೊರಗೆ ಅಪ್ಪಿತಪ್ಪಿಯೂ ಉಮ್ಮ ಎನ್ನಬಾರದು, ಆ ಶಬ್ದ ಅರಬಿಗಳಿಗೂ ಅರ್ಥವಾಗುತ್ತದೆ ಎಂದು ಬಾಪ್ಪ ಹೇಳಿದ್ದರು. ಕೋಣೆಯ ಬಾಗಿಲು ಹಾಕಿದ ಮೇಲೆ ಉಮ್ಮ, ಬಾಗಿಲು ತೆಗೆದರೆ ಆಂಟಿ. ಕೆಲವು ದಿನ ನಿದ್ದೆಗಣ್ಣಲ್ಲಿ ಬಾಗಿಲು ಹಾಕಿದೆಯೋ ತೆರೆದಿದೆಯೋ ಗೊತ್ತಾಗದೆ, ಏನೂ ಕರೆಯದೆ ಅವಳ ಸೆರಗು ಎಳೆದು ನೀರು ಬೇಕು ಎನ್ನುತ್ತಿದ್ದೆ.

ಸ್ಕೂಲ್ ಬಸ್ಸು ಬರುತ್ತಿದ್ದದ್ದು ದೊಡ್ಡಪ್ಪನ ಫ್ಲಾಟಿಗೆ. ಆದ್ದರಿಂದ ದಿನವೂ ಬೆಳಗ್ಗೆ ಆರು ಗಂಟೆಗೆ, ಗಲ್ಲಿ ಏಳುವ ಮೊದಲೇ, ನಾನೂ ಉಮ್ಮನೂ ನಜ್ಮಾದಿಂದ ಅಲ್ಲಿಗೆ ನಡೆಯಬೇಕಿತ್ತು. ನಾನು ಮುಂದೆ, ಅವಳು ನನ್ನ ಬ್ಯಾಗು ಹೊತ್ತು ಮೂರು ಹೆಜ್ಜೆ ಹಿಂದೆ. ಕೆಲಸದವಳು ಹಾಗೆಯೇ ನಡೆಯಬೇಕು. ರಸ್ತೆ ದಾಟುವಾಗ ಕೂಡ ನಾನು ಅವಳ ಕೈ ಹಿಡಿಯುವ ಹಾಗಿಲ್ಲ, ಅವಳೇ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಪೊಲೀಸ್ ಜೀಪು ನಿಧಾನಕ್ಕೆ ಪಕ್ಕದಲ್ಲಿ ಹೋದರೆ ನನಗೆ ಒಂದಕ್ಕೆ ಅವಸರವಾಗುತ್ತಿತ್ತು. ಹಿಂದಿನಿಂದ ಅವಳು ಅನ್ನುತ್ತಿದ್ದಳು, ‘ನಡಿ, ನಡಿ, ತಿರುಗಬೇಡ.’

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಒಂದು ಸಂಜೆ ಕಿರಾಣಿ ಅಂಗಡಿಯಲ್ಲಿ ನನ್ನ ಕ್ಲಾಸಿನ ಒಬ್ಬಳು ಹುಡುಗಿ ಅವಳ ತಾಯಿಯೊಡನೆ ಸಿಕ್ಕಿದಳು. ನಾನು ಗತ್ತಿನಿಂದ ಮೇಲಿನ ಶೆಲ್ಫಿನ ಕಡೆ ಬೆರಳು ತೋರಿಸಿ, ‘ಆಂಟಿ, ವೋ ಉತಾರೋ’, ಅದನ್ನು ಇಳಿಸು, ಎಂದು ಹಿಂದಿಯಲ್ಲಿ ಅಂದೆ. ಉಮ್ಮ ತುದಿಗಾಲಲ್ಲಿ ನಿಂತು ಡಬ್ಬ ಇಳಿಸಿದಳು. ಆ ಹುಡುಗಿಯ ಕಣ್ಣಲ್ಲಿ ನಾನು ಆಳು ಇಟ್ಟುಕೊಂಡ ಮನೆಯವಳಾದೆ. ನನಗೆ ಅದು ಹಿಡಿಸಿತು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮನೆಗೆ ಬಂದ ಮೇಲೆ ಉಮ್ಮ ಬೈಯಲಿಲ್ಲ. ಚೆನ್ನಾಗಿ ಹೇಳಿದೆ ಎಂದು ಖರ್ಜೂರ ಕೊಟ್ಟಳು, ನಾನು ತಿಂದೆ.

ಚೆಕ್ಕಿಂಗ್ ನಿಜವಾಗಿ ಬಂದದ್ದು ಒಂದೇ ಸಲ. ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲರೂ ಉಂಡು ಮಲಗಿದ್ದ ಹೊತ್ತು. ಹೊರಗಿನ ಕಬ್ಬಿಣದ ಬಾಗಿಲ ಮೇಲೆ ಬಡಿದ ಸದ್ದು ಕೇಳಿದ ಕೂಡಲೇ ನಮ್ಮವರು ಬಡಿಯುವ ಬಡಿತವಲ್ಲ ಎಂದು ತಿಳಿಯಿತು. ಬಾಪ್ಪ ಎದ್ದು ಕೂತರು. ಉಮ್ಮ ನನ್ನನ್ನು ಎಳೆದುಕೊಂಡು ಮಂಚದ ಕೆಳಗೆ ತೂರಿದಳು. ಅಲ್ಲಿ ಅಕ್ಕಿ ಚೀಲ, ಈರುಳ್ಳಿ ಬುಟ್ಟಿ, ಅವುಗಳ ಹಿಂದೆ ನಾವು. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದ್ದಳು. ನಾನು ಆ ಅಂಗೈಯೊಳಗೇ ಪಾಠ ಒಪ್ಪಿಸುತ್ತಿದ್ದೆ, ಅಬ್ದುಲ್ ಹಮೀದ್, ಜೊಹರಾ, ಎರಡನೇ ಮಾಳಿಗೆ.

ಬಾಗಿಲು ತೆರೆದವರು ಹಮ್ಜಾಕ. ಅಂಗಳದಲ್ಲಿ ಬೂಟುಗಳು ನಡೆದಾಡಿದವು. ಹಮ್ಜಾಕನಿಗೆ ಗೊತ್ತಿದ್ದ ಅರಬಿ ಹತ್ತೋ ಹನ್ನೆರಡೋ ಶಬ್ದ, ಉಳಿದದ್ದನ್ನು ಊರ ಮಾತಲ್ಲೇ ತುಂಬಿಸಿದರು.

“ಮಾಫಿ ಹುರ್ಮಾ, ಮಾಫಿ ಫ್ಯಾಮಿಲಿ! ಹೆಂಗಸು ಇಲ್ಲ ಸಾರ್. ಕುಲ್ಲು ಟೈಲರ್, ಕುಲ್ಲು ಗರೀಬ್, ಎಲ್ಲ ಬಡವರು. ನೋಡಿ, ಹಗ್ಗ ನೋಡಿ, ಬಟ್ಟೆ ನೋಡಿ.”

ಬೂಟುಗಳು ಹಗ್ಗದ ಕೆಳಗೆ ಸ್ವಲ್ಪ ಹೊತ್ತು ನಿಂತವು. ಲುಂಗಿ, ಪ್ಯಾಂಟು, ಬನಿಯನ್ನು. ಆಮೇಲೆ ನಮ್ಮ ಬಾಗಿಲ ಹತ್ತಿರ ಬಂದವು. ‘ಇಲ್ಲಿ ಒಬ್ಬ ಕಾಯಿಲೆಯವ, ಸಿಡುಬು ಸಾರ್, ಸಿಡುಬು’ ಎಂದು ಹಮ್ಜಾಕ ತನ್ನ ಮೈಯನ್ನೇ ಪರಪರ ಕೆರೆದುಕೊಂಡು ತೋರಿಸಿದರಂತೆ. ಬೂಟುಗಳು ಹಿಂದಕ್ಕೆ ಹೋದವು. ಕಬ್ಬಿಣದ ಬಾಗಿಲು ಮುಚ್ಚಿದ ಮೇಲೂ ನಾವು ತುಂಬ ಹೊತ್ತು ಮಂಚದ ಕೆಳಗೇ ಇದ್ದೆವು. ಆ ಸಂಜೆ ಉಮ್ಮ ಹಮ್ಜಾಕನಿಗೆ ಒಂದು ಇಡೀ ಕೋಳಿ ಬೇಯಿಸಿದಳು. ಅವರು ಪ್ಲೈವುಡ್ಡಿನ ಆಚೆಯಿಂದ ಕೂಗಿ ಹೇಳಿದರು, ‘ತಂಗೀ, ದಿನಾ ಒಂದು ಚೆಕ್ಕಿಂಗ್ ಬರಲಿ ಅಂತ ದುವಾ ಮಾಡ್ತೇನೆ!’ ಬಾಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅದಾಗಿ ಕೆಲವು ತಿಂಗಳಿಗೆ ಹಮ್ಜಾಕ ಇಸ್ತ್ರಿ ಮೇಜಿನ ಮೇಲೆ ಹಾಗೇ ತಲೆಯಿಟ್ಟರು, ಮತ್ತೆ ಎತ್ತಲಿಲ್ಲ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೈಯಿಂದ ಬಿಡಿಸಿದವರು ಬಾಪ್ಪ. ಹೆಣ ಆಸ್ಪತ್ರೆಯ ಶವಾಗಾರಕ್ಕೆ ಹೋಯಿತು. ಊರಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು ಕಾಯುತ್ತಿದ್ದರು. ನಾಲ್ಕೈದು ದಿನದಲ್ಲಿ ಕಳಿಸುತ್ತಾರೆ ಎಂದುಕೊಂಡೆವು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಅದ್ರಾಮಾಕ ‘ಬುಕ್ರಾ, ಬುಕ್ರಾ’ ಎನ್ನುತ್ತಿದ್ದರು, ನಾಳೆ ಎಂದು. ಕೊನೆಗೆ ಅಂಗಡಿಯಲ್ಲಿ ಸುದ್ದಿ ಒಡೆಯಿತು. ಹಮ್ಜಾಕನ ವೀಸಾ ರದ್ದಾಗದೆ ಹೆಣ ಹೋಗುವಂತಿಲ್ಲ, ರದ್ದಾದರೆ ಆ ವೀಸಾದ ಜಾಗ ಅರಬಿಯ ಕೈತಪ್ಪುತ್ತದೆ. ಆ ಜಾಗವನ್ನು ಅದ್ರಾಮಾಕ ಆಗಲೇ ಬಂಟ್ವಾಳದ ಇನ್ನೊಬ್ಬನಿಗೆ ಮಾರಿಯಾಗಿತ್ತು. ಹೊಸಬನ ಕಾಗದ ಆಗುವವರೆಗೆ ಹಳಬ ಮಂಜುಗಡ್ಡೆಯಲ್ಲಿ ಕಾಯಬೇಕಿತ್ತು.

ನಮ್ಮ ಕೋಣೆಯಲ್ಲಿ ಜಗಳ ಎಂದರೆ ಪಿಸುಮಾತಿನ ಜಗಳ, ಪ್ಲೈವುಡ್ಡಿಗೆ ಕೇಳಬಾರದಲ್ಲ. ಬಾಪ್ಪ ಅಂದು ಊಟದ ತಟ್ಟೆ ದೂಡಿದರು.

“ನಾನು ಎಲ್ಲರ ಎದುರು ಕೇಳುವವನೇ. ಒಬ್ಬ ಸತ್ತವನನ್ನು ಮಾರಿ ತಿನ್ನುವುದಾ? ಎಂತ ಮನುಷ್ಯರು ಇವರು!”

“ಕೇಳಿ, ಕೇಳಿ. ನನ್ನ ಪಾಸ್‌ಪೋರ್ಟ್ ಯಾರ ಅಲ್ಮೇರಾದಲ್ಲುಂಟು ಅಂತ ಮರೆತಿರಾ? ಅವರು ಒಂದು ಫೋನ್ ಮಾಡಿದರೆ ನಾನು ಓಡಿಹೋದ ಕೆಲಸದವಳು. ಜೈಲಿಗೆ ಹಾಕಿ ಊರಿಗೆ ಕಳಿಸ್ತಾರೆ. ಇವಳನ್ನು ಎಂತ ಮಾಡ್ತೀರಿ?”

“ಹಮ್ಜಾಕ ಅವತ್ತು ಬಾಗಿಲಲ್ಲಿ ನಿಲ್ಲದಿದ್ದರೆ ನೀನು ಅವತ್ತೇ ಹೋಗ್ತಿದ್ದಿ.”

ಉಮ್ಮ ತಟ್ಟೆಯನ್ನು ಮತ್ತೆ ಅವರ ಮುಂದೆ ಸರಿಸಿದಳು. ಬಾಪ್ಪ ಉಂಡರು. ಸುಮ್ಮನಿರುವುದೆಂದು ಆಯಿತು. ನನಗೆ ಎಷ್ಟು ಹಗುರವಾಯಿತೆಂದರೆ, ಹಮ್ಜಾಕ ಎಷ್ಟು ದಿನ ಬೇಕಾದರೂ ಅಲ್ಲೇ ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಂಬತ್ತು ವರ್ಷದವಳ ದುವಾ ಅದು.

ಅದೇ ವಾರ ನಮ್ಮೂರವರ ಸಂಘದ ಅಧ್ಯಕ್ಷರ ಆಯ್ಕೆ ಇತ್ತು. ಹೆಣ ಊರಿಗೆ ಕಳಿಸುವುದೇ ಆ ಸಂಘದ ಮುಖ್ಯ ಕೆಲಸ, ನೋಡಿ ಚಂದ! ಪ್ರತಿ ವರ್ಷವೂ ಅದ್ರಾಮಾಕನೇ ಅಧ್ಯಕ್ಷ. ಚೀಟಿ ಗೀಟಿ ಇರಲಿಲ್ಲ. ಶುಕ್ರವಾರ ಜುಮಾ ಮುಗಿಸಿ ಎಲ್ಲರೂ ಅವರ ಮನೆ ಹಾಲಿನಲ್ಲಿ ಕೂತು ನೈಚೋರು, ಅಂದರೆ ತುಪ್ಪದನ್ನ, ಕೋಳಿ ಸಾರು ಉಣ್ಣುವುದು. ಉಂಡಾದ ಮೇಲೆ, ಕೈ ತೊಳೆಯುವ ಮೊದಲು, ಆ ಬಲಗೈಯನ್ನೇ ಎತ್ತುವುದು. ಅವರ ಅನ್ನದ ತುಪ್ಪ ಬೆರಳಲ್ಲಿ ಹೊಳೆಯುತ್ತಿರಬೇಕು. ಯಾರು ಶುರು ಮಾಡಿದ ಕ್ರಮವೋ ಗೊತ್ತಿಲ್ಲ. ಕೈ ಎತ್ತದವನ ಬೆರಳು ಎಲ್ಲರಿಗೂ ಕಾಣುತ್ತಿತ್ತು, ಹಿಂದೆ ಅಲ್ಮೇರಾವೂ ಕಾಣುತ್ತಿತ್ತು.

ಅಡುಗೆಗೆ ಉಮ್ಮನನ್ನು ಕರೆಸಿದ್ದರು. ಇಂಥ ದಿನ ಯಾವಾಗಲೂ ಕರೆಸುತ್ತಿದ್ದರು, ಸಂಬಳವಿಲ್ಲದ ಕೆಲಸದವಳಲ್ಲವೇ. ಅವಳು ಪರದೆಯ ಆಚೆ ಅಡುಗೆಮನೆಯಲ್ಲಿ, ನಾನು ಹಾಲಿನಲ್ಲಿ ಬಾಪ್ಪನ ಪಕ್ಕ. ಸುಮಾರು ನಲವತ್ತು ಗಂಡಸರು ಕೂತಿದ್ದರು. ಬಾಪ್ಪ ಅನ್ನ ಕಲಸುತ್ತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ಅದ್ರಾಮಾಕನ ಕಣ್ಣಿಗೆ ಅದು ಬೀಳದೆ ಇದ್ದೀತೇ? ಅವರು ನಗುತ್ತಾ ನನ್ನನ್ನು ಹತ್ತಿರ ಕರೆದರು, ಕೆನ್ನೆ ಹಿಂಡಿದರು. ಎದ್ದು ನಿಂತು ಅಲ್ಮೇರಾ ತೆಗೆದು, ಒಂದು ಡಬ್ಬದಿಂದ ಒಂದು ಪಾಸ್‌ಪೋರ್ಟ್ ಎತ್ತಿ, ಸುಮ್ಮನೆ ಗಾಳಿ ಹಾಕಿಕೊಳ್ಳುವವರ ಹಾಗೆ ಬೀಸಿಕೊಂಡರು. ಆಮೇಲೆ ಪರದೆಯ ಕಡೆ ತೋರಿಸಿದರು.

“ಮೈಮೂನಾ, ಪರೀಕ್ಷೆ ಮಾಡುವಾ? ಅಲ್ಲಿ ಅಡುಗೆ ಮಾಡ್ತಿರುವುದು ಯಾರಮ್ಮಾ?”

ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಲವತ್ತು ಜನ ನನ್ನ ಉಮ್ಮನ ಕೈಯಡುಗೆ ಉಂಡವರು. ನಾನು ಬಾಪ್ಪನ ಕಡೆ ನೋಡಿದೆ, ಅವರು ತಟ್ಟೆ ನೋಡುತ್ತಿದ್ದರು. ಮೆಲ್ಲ ಹೇಳಿದರೆ ಸುಳ್ಳೆಂದು ಗೊತ್ತಾಗುತ್ತದೆ. ಜೋರಾಗಿ ಹೇಳಿದೆ.

“ಆಂಟಿ! ಮನೆಗೆಲಸದ ಆಂಟಿ!”

“ಶಾಬಾಸ್! ಬುದ್ಧಿವಂತೆ. ಉಮ್ಮರಬ್ಬಾ, ಮಗಳನ್ನು ಚಂದ ಬೆಳೆಸಿದ್ದಿ.” ಅದ್ರಾಮಾಕ ನಕ್ಕರು. ಉಮ್ಮರಬ್ಬ ಎಂದರೆ ನನ್ನ ಬಾಪ್ಪ. ಕೆಲವರು ನಕ್ಕರು, ಕೆಲವರು ನೀರು ಕುಡಿದರು. “ಯಲ್ಲಾ, ಇನ್ನು ಕೈ ಎತ್ತಿ ನೋಡುವಾ.”

ಕೈಗಳು ಎದ್ದವು, ತುಪ್ಪ ಹತ್ತಿದ ನಲವತ್ತು ಬಲಗೈ. ಬಾಪ್ಪನ ಕೈ ಎಲ್ಲರಿಗಿಂತ ಕೊನೆಗೆ, ಅರ್ಧ ಎದ್ದಿತು. ಆಗ ಪರದೆಯ ಹಿಂದಿನಿಂದ ಮಾತು ಬಂತು. ಗಂಡಸರ ಕಿವಿಗೆ ಎಂದೂ ಬೀಳದ ದನಿ. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

“ಇವರೇ, ಕೈ ಇಳಿಸಿ. ನೀವು ಕೇಳಬೇಕಾದ್ದು ಕೇಳಿ. ನಾನು ಊರಿಗೆ ಹೋಗ್ತೇನೆ.”

ಬಾಪ್ಪ ಕೈ ಇಳಿಸಿದರು. ಎದ್ದು ನಿಂತರು.

“ಅದ್ರಾಮಾಕ, ಹಮ್ಜಾಕನ ಮಯ್ಯತ್ ಯಾವತ್ತು ಹೋಗ್ತದೆ? ಇಪ್ಪತ್ತು ದಿನ ಆಯ್ತು. ಅವನ ವೀಸಾ ಮಾರಿದ್ದು ನಮಗೆಲ್ಲ ಗೊತ್ತುಂಟು. ಅವನ ಮಕ್ಕಳಿಗೆ ಮುಖ ತೋರಿಸಲಿಕ್ಕಾದರೂ ಕಳಿಸಿ.”

ಯಾರೂ ಅವರ ಜೊತೆ ನಿಲ್ಲಲಿಲ್ಲ. ಇಬ್ಬರು ಮಾತ್ರ ಎತ್ತಿದ್ದ ಕೈಯನ್ನು ಮೆಲ್ಲನೆ ಇಳಿಸಿ ತೊಡೆಯ ಕೆಳಗೆ ಬಚ್ಚಿಟ್ಟರು. ಅದ್ರಾಮಾಕ ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. ಅಲ್ಮೇರಾ ಮುಚ್ಚಿ ಬೀಗ ಹಾಕಿದರು. ಕೈಯಲ್ಲಿದ್ದ ಉಮ್ಮನ ಪಾಸ್‌ಪೋರ್ಟ್ ಮಾತ್ರ ಹೊರಗೇ ಉಳಿಯಿತು. ‘ಖಲಾಸ್, ಎಲ್ಲರೂ ಕೈ ತೊಳೆಯಿರಿ’ ಎಂದರು. ಆ ವರ್ಷವೂ ಅವರೇ ಅಧ್ಯಕ್ಷರಾದರು. ಆದರೆ ನಲವತ್ತು ಜನರ ಎದುರು ಬಂದ ಮಾತು ನಜ್ಮಾದಲ್ಲಿ ನಿಲ್ಲುತ್ತದೆಯೇ? ಮಂಗಳವಾರ ಹಮ್ಜಾಕ ಊರಿಗೆ ಹೋದರು. ಗುರುವಾರ ಉಮ್ಮನ ವೀಸಾ ರದ್ದಾಯಿತು. ಜೈಲಿಗೆ ಹಾಕಿಸಲಿಲ್ಲ, ಅದು ತಾವು ತೋರಿಸಿದ ದಯೆ ಎಂದು ಅದ್ರಾಮಾಕ ಹೇಳಿ ಕಳಿಸಿದರು. ಹಾಗಿದ್ದರೂ ಇರಬಹುದು.

ನನ್ನನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಕಾಗದದಲ್ಲಿ ನಾನು ಅವಳಿಗೆ ಏನೂ ಅಲ್ಲ, ದೊಡ್ಡಪ್ಪನ ಮಗಳು. ವರ್ಷದ ರಜೆಗೆ ದೊಡ್ಡಪ್ಪನವರ ಜೊತೆಗೇ ಬರಬೇಕು, ಅಲ್ಲಿಯವರೆಗೆ ಅವರ ಫ್ಲಾಟಿನಲ್ಲೇ ಇರಬೇಕು ಎಂದಾಯಿತು.

ಹೊರಡುವ ದಿನ ಬೆಳಗ್ಗೆ ನಾನು ಎಚ್ಚರವಾಗಿ ನೋಡಿದರೆ ಕೋಣೆಯೊಳಗಿನ ದಾರ ಖಾಲಿ. ಅಂಗಳಕ್ಕೆ ಓಡಿದೆ. ಉಮ್ಮ ತನ್ನ ಅಷ್ಟೂ ಬಟ್ಟೆ ಒಗೆದು ಮೂರು ಸಾಲು ಹಗ್ಗದ ಮೇಲೆ ಹರವಿದ್ದಳು. ಲಂಗ, ರವಕೆ, ಸೀರೆ, ತಲೆವಸ್ತ್ರ, ಎಲ್ಲ. ಹಸಿರು, ಕೆಂಪು, ಅರಸಿನ ಬಣ್ಣ. ಗಂಡಸರು ಕೋಣೆಗಳ ಬಾಗಿಲಲ್ಲಿ ನಿಂತು, ನೋಡಬಾರದೆಂದು ನೆಲ ನೋಡುತ್ತಿದ್ದರು. ನನಗೆ ಜೀವವೇ ಬಾಯಿಗೆ ಬಂತು. ಅಳುತ್ತಾ ಕೈಗೆಟುಕಿದ್ದನ್ನೆಲ್ಲ ಎಳೆದು ಎಳೆದು ಕೆಳಗೆ ಹಾಕತೊಡಗಿದೆ. ಉಮ್ಮ ನನ್ನ ಎರಡೂ ಕೈ ಹಿಡಿದಳು.

“ಬಿಡು ಮಗಳೇ. ಒಂದು ದಿನ ಒಣಗಲಿ.”

ವಿಮಾನ ನಿಲ್ದಾಣದಲ್ಲಿ ಅದ್ರಾಮಾಕ ಪಾಸ್‌ಪೋರ್ಟ್ ಹಿಡಿದು ಕಾಯುತ್ತಿದ್ದರು. ನನಗೆ ಮಾವಿನ ರಸದ ಪೊಟ್ಟಣ ಕೊಟ್ಟು ತಲೆ ಸವರಿದರು. ನಾನು ಜೊಹರಾ ದೊಡ್ಡಮ್ಮನ ಕೈ ಹಿಡಿದು ನಿಲ್ಲಬೇಕಿತ್ತು, ನಿಂತೆ. ಬಾಪ್ಪ ಯಾರಿಗೂ ಸಂಬಂಧವಿಲ್ಲದವರ ಹಾಗೆ ಒಂದು ಕಂಬದ ಪಕ್ಕ ನಿಂತರು. ಹಿಂದಿನ ದಿನವೇ ಉಮ್ಮ ಹೇಳಿದ್ದಳು, ನಾನು ತಿರುಗುವುದಿಲ್ಲ, ನೀನು ಕರೆಯಬೇಡ. ಪೊಲೀಸರು ಇರುತ್ತಾರೆ, ನಿನ್ನ ಕಾಗದವಾದರೂ ಉಳಿಯಲಿ. ಸಾಲು ಮುಂದೆ ಸರಿಯಿತು. ಕೌಂಟರಿನವನು ಏನೋ ಕೇಳಿದ, ಅವಳು ತಲೆಯಾಡಿಸಿದಳು, ಮುದ್ರೆ ಬಿತ್ತು. ಅವಳು ತಿರುಗಲಿಲ್ಲ. ನಾನು ಕರೆಯಲಿಲ್ಲ. ದೊಡ್ಡಮ್ಮ ಆಮೇಲೆ ಎಲ್ಲರಲ್ಲೂ ಹೇಳಿಕೊಂಡಳು, ಎಂಥ ಗಟ್ಟಿ ಹುಡುಗಿ, ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ಎಂದು. ಪೊಟ್ಟಣ ನನ್ನ ಮುಷ್ಟಿಯಲ್ಲಿ ಒಡೆದು ರಸ ಯೂನಿಫಾರ್ಮಿನ ಮೇಲೆಲ್ಲ ಚೆಲ್ಲಿತ್ತು.

ದೊಡ್ಡಪ್ಪನ ಫ್ಲಾಟಿನಲ್ಲಿ ಬಾಲ್ಕನಿ ಇತ್ತು, ಅಲ್ಲಿ ಹೆಂಗಸರ ಬಟ್ಟೆ ರಾಜಾರೋಷವಾಗಿ ಒಣಗುತ್ತಿತ್ತು. ನಾನು ನನ್ನದನ್ನು ಬಾತ್‌ರೂಮಿನಲ್ಲೇ ಹಾಕುತ್ತಿದ್ದೆ. ದೊಡ್ಡಮ್ಮ ಒಳ್ಳೆಯವಳು, ಹೊತ್ತು ಹೊತ್ತಿಗೆ ಬಡಿಸಿದಳು, ಜಡೆ ಹಾಕಿದಳು, ಒಂದು ದಿನವೂ ಬಿಗಿ ಮಾಡಲಿಲ್ಲ. ಶುಕ್ರವಾರ ಬಾಪ್ಪ ಬರುತ್ತಿದ್ದರು. ಬೇರೆಯವರಿದ್ದರೆ ಚಿಕ್ಕಪ್ಪ ಎನ್ನುತ್ತಿದ್ದೆ. ಬಾಪ್ಪ ‘ಹೇಗುಂಟು ಸ್ಕೂಲು’ ಎಂದು ಕೇಳುತ್ತಿದ್ದರು. ಯಾರೂ ಪಾಠ ಒಪ್ಪಿಸಿಕೊಳ್ಳುತ್ತಿರಲಿಲ್ಲ. ನಾನೇ ಬೆಳಗ್ಗೆ ಕನ್ನಡಿಯ ಮುಂದೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ತಪ್ಪಿದರೆ ಇನ್ನೂ ಯಾರನ್ನಾದರೂ ಕಳಿಸಿಬಿಟ್ಟಾರು ಎಂದು.

ರಜೆ ಬಂತು. ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಒಂದು ದಿನ ಕೂತು ಉಳ್ಳಾಲ ಮುಟ್ಟಿದೆವು. ದಾರಿಯುದ್ದಕ್ಕೂ ದೊಡ್ಡಮ್ಮ ನನ್ನನ್ನು ಛೇಡಿಸುತ್ತಿದ್ದಳು. ‘ಉಮ್ಮನನ್ನು ಕಂಡ ಕೂಡಲೇ ನನ್ನನ್ನು ಮರೀತೀಯಲ್ಲಾ?’ ನಾನು ಇಡೀ ದಾರಿ ಬಾಯೊಳಗೇ ಉಮ್ಮ, ಉಮ್ಮ, ಉಮ್ಮ ಎಂದು ಅಭ್ಯಾಸ ಮಾಡುತ್ತಿದ್ದೆ. ಇಲ್ಲಿ ಕರೆಯಬಹುದು, ಎಷ್ಟು ಜೋರಾಗಿ ಬೇಕಾದರೂ ಕರೆಯಬಹುದು. ರಿಕ್ಷಾ ನಿಂತಿತು. ಅಂಗಳದಲ್ಲಿ ಉಮ್ಮ ಬಟ್ಟೆ ಹರವುತ್ತಿದ್ದಳು. ಅವಳ ಹೆಗಲ ಮೇಲೆ ಒದ್ದೆ ಸೀರೆ, ಹಗ್ಗದ ಮೇಲೆ ಅವಳ ಬಟ್ಟೆಗಳು ಕಡಲ ಗಾಳಿಗೆ ಹಾರಾಡುತ್ತಿದ್ದವು. ನೆರೆಮನೆಯ ಹೆಂಗಸರು, ಅಜ್ಜಿ, ಹಮ್ಜಾಕನ ಹೆಂಡತಿ ಕೂಡ, ಎಲ್ಲರೂ ಜಗಲಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನ, ಬಯಲು, ತೆರೆದ ಗೇಟು. ನಾನು ರಿಕ್ಷಾದಿಂದ ಹಾರಿ ಓಡಿದೆ, ಬಾಯಿ ತೆರೆದೆ.

“ಆಂಟೀ!”

ನನ್ನ ಕಾಲು ಅಲ್ಲೇ ನಿಂತಿತು, ಕೈಗಳು ತಾವಾಗಿ ಹೋಗಿ ಬಾಯಿ ಮುಚ್ಚಿದವು. ಉಮ್ಮ ಹೆಗಲ ಮೇಲಿನ ಸೀರೆಯನ್ನು ಕೆಳಗೆ ಹಾಕಿ ಹತ್ತಿರ ಬಂದಳು. ಬಗ್ಗಿ, ಬಾಯಿಗೆ ಅಡ್ಡ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳ ಕೈ ಒದ್ದೆಯಾಗಿತ್ತು, ಸೋಪಿನ ವಾಸನೆ ಬರುತ್ತಿತ್ತು.

“ಇಲ್ಲಿ ಚೆಕ್ಕಿಂಗ್ ಇಲ್ಲ ಮಗಳೇ,” ಎಂದಳು. “ಇನ್ನೊಮ್ಮೆ ಹೇಳು. ಮೆಲ್ಲ ಹೇಳಿದರೂ ಸಾಕು.”